ಫಕೀರವ್ವನ ಬಾಗಿಲಿಗೆ ಎಷ್ಟು ಗೂಟ?

ನಮ್ಮ ಊರಲ್ಲಿ ಗೂಟದ ಕಾರಿಗಿಂತ ಗೂಟದ ಬಾಗಿಲಿಗೆ ಮರ್ಯಾದೆ ಹೆಚ್ಚು. ಹೊತ್ತು ಮುಳುಗಿ ಬೇವಿನ ಗಿಡಗಳು ಕಪ್ಪಾಗುವ ವೇಳೆಗೆ ನಕ್ಷತ್ರಗಳು ಕೆಳಗಿಳಿದು ಬರುತ್ತವೆ. ಗುಬ್ಬಿಗಿಂತ ಕೊಂಚ ದೊಡ್ಡವು, ಪಾರಿವಾಳಕ್ಕಿಂತ ಸಣ್ಣವು. ಬರುವಾಗ ಗಾಜಿನ ಬಳೆಗಳು ಒಂದಕ್ಕೊಂದು ತಾಗಿದಂಥ ಸದ್ದು. ಅಂಗಡಿ, ಖಾನಾವಳಿ, ಕ್ಷೌರದ ಮಳಿಗೆ, ಹಿಟ್ಟಿನ ಗಿರಣಿ, ಹೀಗೆ ನಾಲ್ಕು ಜನ ಹೋಗಿಬರುವ ಬಾಗಿಲುಗಳ ಮೇಲೆ ಹೊಡೆದ ಗೂಟಗಳಲ್ಲಿ ಕೂತು, ಬೆಳಗಿನ ತನಕ ಇದ್ದು ಹೋಗುತ್ತವೆ. ಒಂದು ಬಾಗಿಲಿಗೆ ಐದಕ್ಕಿಂತ ಹೆಚ್ಚು ಬಂದದ್ದನ್ನು ಯಾರೂ ಕಂಡಿಲ್ಲ. ಎಷ್ಟು ಬರುತ್ತವೆ ಅನ್ನುವುದು ಆ ಬಾಗಿಲಿಗೆ ಹೋಗಿಬಂದವರ ಮನಸ್ಸಿಗೆ ಬಿಟ್ಟದ್ದು. ತಾರೆಗಳಿದ್ದಲ್ಲಿ ತಾರತಮ್ಯ ಇದ್ದದ್ದೇ.

ಗೂಟ ಮಾತ್ರ ನಾವು ಹೊಡೆಯಬೇಕು, ಅದೂ ಬರುವಷ್ಟೇ. ಒಂದು ಕಡಿಮೆಯಾದರೆ, ಒಬ್ಬರನ್ನು ನಿಲ್ಲಿಸಿ ಉಳಿದವರು ಕೂರುವ ಜಾತಿಯಲ್ಲ ಅವು; ಎಲ್ಲ ಎದ್ದು ಹೋಗುತ್ತವೆ. ಒಂದು ಹೆಚ್ಚಾದರೆ, ಯಾರೋ ಬರುವವರಿದ್ದಾರೆಂದು ಖಾಲಿ ಗೂಟ ನೋಡುತ್ತ ಕಾದು, ಬೇಜಾರಾಗಿ ಹೋಗುತ್ತವೆ. ಬಂದವನ್ನು ಬೆರಳು ಮಾಡಿ ಎಣಿಸಿದರೂ ಹೋಗುತ್ತವೆ. ಏಳು ಸಂಜೆ ಒಂದೇ ಸಮನೆ ಒಂದೂ ಕೂರದೆ ಹೋದರೆ ಆ ಬಾಗಿಲು ಗೋಡೆಯಾಗುತ್ತದೆ. ನಮ್ಮ ಓಣಿಯಲ್ಲೇ ಅಂಥವು ಮೂರಿವೆ. ಛತ್ರಿ ರಿಪೇರಿಯವನು ಈಗ ಏಣಿ ಹಾಕಿ ಕಿಟಕಿಯಿಂದ ಒಳಗೆ ಹೋಗುತ್ತಾನೆ. ಗಿರಾಕಿಗಳೂ ಹಾಗೇ ಹತ್ತುತ್ತಾರೆ. ಮಳೆಗಾಲದಲ್ಲಿ ಛತ್ರಿ ಹಿಡಿದುಕೊಂಡು ಏಣಿ ಹತ್ತುವುದು ಕಷ್ಟ, ಆದರೆ ಛತ್ರಿ ಕೆಟ್ಟಿರುವುದರಿಂದಲೇ ಹತ್ತುತ್ತಿರುವುದಲ್ಲವೇ, ಅಂತ ಅವನು ಸಮಾಧಾನ ಹೇಳುತ್ತಾನೆ.

ಇದಕ್ಕಾಗಿಯೇ ಊರಿಗೊಂದು ಅಂದಾಜು ಕಚೇರಿ. ಪ್ರತಿ ಬಾಗಿಲಿಗೂ ಒಂದು ಡಬ್ಬಿ. ಹೋಗಿಬಂದವರು ತಮಗನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಹೆಸರು ಬರೆಯುವ ಪದ್ಧತಿಯಿಲ್ಲ. ಇಷ್ಟು ನಕ್ಷತ್ರ ಎಂದು ಅಂಕಿ ಬರೆದರೆ ಮಸಿ ಆರುವ ಮೊದಲೇ ಅಳಿಸಿಹೋಗುತ್ತದೆ. ಮಧ್ಯಾಹ್ನ ಮೂರಕ್ಕೆ ಚೀಟಿಗಳು ಕಚೇರಿಗೆ ಬರುತ್ತವೆ. ಓದುಗುಮಾಸ್ತ ಅವನ್ನು ಗಟ್ಟಿಯಾಗಿ ಓದಿ, ಬಾಗಿಲಿಗೆ ಒಂದರಂತೆ ಅಂಕಿ ಕೂಗಬೇಕು. ಬಡಿಗ ಅಷ್ಟು ಗೂಟ ಎಣಿಸಿಕೊಂಡು ಹೋಗಿ, ಹಿಂದಿನ ದಿನದವನ್ನು ಕಿತ್ತು, ಹೊಡೆಯಬೇಕು. ಓದುಗುಮಾಸ್ತ ನಾನು, ಅಡಿವೆಪ್ಪ, ಬಿ.ಎ. ಪದವಿ ಸಿಕ್ಕಿತು, ಪದ ಓದುವ ಕೆಲಸವೂ ಸಿಕ್ಕಿತು. ಬಡಿಗ ಮೌನೇಶಣ್ಣ, ನನಗಿಂತ ಹತ್ತು ವರ್ಷ ದೊಡ್ಡವನು. ಮೌನ ಅವನ ಹೆಸರಿನಲ್ಲಷ್ಟೇ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದಾಗಲೂ ಮಾತಾಡಬಲ್ಲ.

ನಾನು ಸೇರುವ ಮೊದಲು ಕಚೇರಿಯ ಯಜಮಾನರಾದ ವೆಂಕೋಬರಾಯರ ಪಟ್ಟಿಯೇ ಕಾಯಿದೆ. ರಾಯರು ಮೊದಲು ಶಾಲಾ ಮಾಸ್ತರರಾಗಿದ್ದವರು. ಚೀಟಿಯಲ್ಲಿ ‘ಭೇಷ್’ ಇದ್ದರೆ ನಾಲ್ಕು, ‘ಛಲೋ’ ಇದ್ದರೆ ಮೂರು, ‘ಪರವಾಗಿಲ್ಲ’ ಇದ್ದರೆ ಎರಡು, ‘ಥೂ’ ಇದ್ದರೆ ಬಡಿಗ ಮನೆಗೆ ಹೋಗಬಹುದು. ಪಟ್ಟಿಯ ಕೃಪೆಯಿಂದ ಅರ್ಧ ಊರು ಕತ್ತಲಲ್ಲಿತ್ತು. “ಪಟ್ಟಿಗೆ ಗಂಟಲಿಲ್ಲರೀ ಸರ್” ಅಂದೆ ನಾನು. “ಪರವಾಗಿಲ್ಲ ಅಂದವರು ಯಾರು ಅಂತ ಗೊತ್ತಾಗಬೇಕಲ್ರೀ?” ಹುಟ್ಟಿದಾಗಿನಿಂದ ಯಾವುದನ್ನೂ ಹೊಗಳದ ಮುದುಕ ಪೋಸ್ಟ್‌ಮ್ಯಾನ್ ಉಪ್ಪಿಟ್ಟು ತಿಂದು ಮೀಸೆ ಒರೆಸಿಕೊಂಡು ‘ಪರವಾಗಿಲ್ಲ’ ಅಂದರೆ ಐದು ಗೂಟ. ಬೀಗರ ಮನೆಯಲ್ಲಿ ಉಂಡು ಬಂದ ಗಂಡಿನ ಸೋದರತ್ತೆ ‘ಪರವಾಗಿಲ್ಲ ಬಿಡ್ರಿ’ ಅಂದರೆ ಅರ್ಧ ಗೂಟವೂ ದಂಡ. ಅಕ್ಷರ ಎರಡಕ್ಕೂ ಒಂದೇ. ಹಾಗಾಗಿ ನಾನು ಚೀಟಿ ನೋಡಿ, ಬರೆದವರು ಇಂಥವರೇ ಇರಬೇಕೆಂದು ಊಹಿಸಿ, ಅವರ ದನಿಯಲ್ಲೇ ಓದುತ್ತಿದ್ದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಒಮ್ಮೆ ರಜೆ ಸಾರಿದವನು ನಾನು. ಸರಿಯಾದ ದನಿ ಹತ್ತಿತೆಂದರೆ ಅಂಕಿ ತಾನಾಗಿ ಬಾಯಿಂದ ಉದುರುತ್ತಿತ್ತು. ಮೂರು ವರ್ಷದಲ್ಲಿ ಊರು ಬೆಳಗಿತು. ಮೂರು ಗಂಟೆಯಾದರೆ ಕಚೇರಿಯ ಕಿಟಕಿಗೆ ಮಂದಿ ಮುತ್ತುತ್ತಿದ್ದರು. ಯಾರ ಅಣಕ ಬಂದರೂ ಕೇಕೆ. ಅಣಕಕ್ಕೆ ಒಳಗಾದವರೂ ಅಲ್ಲೇ ನಿಂತು ನಗುತ್ತಿದ್ದರು. ನನಗದು ಅಂಕಿಗಿಂತ ರುಚಿ.

ಆ ವರ್ಷ ಫಕೀರವ್ವನ ಡಬ್ಬಿಯಿಂದ ದಿನಕ್ಕೊಂದೇ ಚೀಟಿ ಬರುತ್ತಿತ್ತು. ಫಕೀರವ್ವ ಕೌದಿ ಹೊಲಿಯುವಾಕೆ. ಮನೆಯ ಹಳೆಯ ಸೀರೆ, ಧೋತರ, ಅಂಗಿ ಗಂಟು ಕಟ್ಟಿ ಕೊಟ್ಟರೆ, ಚೂರು ಚೂರು ಜೋಡಿಸಿ ಮೂರು ತಿಂಗಳಿಗೆ ಒಂದು ಕೌದಿ ಮಾಡಿ ಕೊಡುತ್ತಾಳೆ. ಮೇನ್ ರೋಡಿನಲ್ಲಿ ಕಂಬಳಿ-ಬ್ಲಾಂಕೆಟ್ಟಿನ ದೊಡ್ಡ ಅಂಗಡಿ ಬಂದ ಮೇಲೆ ಆಕೆಯ ಕಡೆ ಹೋಗುವವರು ಕಡಿಮೆ. ಆ ಚಳಿಗಾಲಕ್ಕೆ ಹೊರಬಿದ್ದದ್ದು ಒಂದೇ ಕೌದಿ. ಒಬ್ಬನೇ ಗಿರಾಕಿ, ಒಂದೇ ಕೈಯ ಚೀಟಿ, ದಪ್ಪ ಪೆನ್ಸಿಲ್ಲಿನ ಅಕ್ಷರ. ಆ ಕೈ ನಾನು ಹಿಂದೆ ಕಂಡದ್ದಲ್ಲ.

ಮೊದಲ ಚೀಟಿ: ‘ಭಾಳ ಭಾರ. ಎದಿ ಮ್ಯಾಲೆ ಯಾರೋ ಕೈ ಇಟ್ಟಂಗ ಆಗತೈತಿ.’

ಓದುತ್ತಿದ್ದಂತೆಯೇ ನನಗೆ ಒಬ್ಬ ಮನುಷ್ಯ ಕಂಡ. ಮೂಗು ಕಟ್ಟಿದ, ಹೊಟ್ಟೆ ಉಬ್ಬಿದ, ಯಾವುದಕ್ಕೂ ಸಮಾಧಾನವಿಲ್ಲದ ಸಾಹುಕಾರ. ಮೂಗಿನಲ್ಲಿ ಎಳೆದು, “ಭಾಆಳ ಭಾಆರ, ಎದಿ ಮ್ಯಾಲೆ ಯಾಆರೋ...” ಅಂದು, ಕೆಮ್ಮಿ, ಬಿದ್ದುಹೋಗುವವನಂತೆ ಕುರ್ಚಿ ಹಿಡಿದುಕೊಂಡೆ. ಕಿಟಕಿಯಲ್ಲಿ ನಗೆಯ ಗದ್ದಲ. ಎಲ್ಲರಿಗಿಂತ ಜೋರಾಗಿ ನಕ್ಕವನು ಮೌನೇಶಣ್ಣ, ಕಣ್ಣೀರು ಒರೆಸಿಕೊಂಡ. “ಸೊನ್ನೆ” ಎಂದು ಕೂಗಿದೆ. ಮರುದಿನ ‘ನಿದ್ದಿ ಇಲ್ಲ’. ಸೊನ್ನೆ. ಮೂರನೆಯ ದಿನ ‘ಹಳೇ ವಾಸನಿ ಹೋಗವಲ್ದು’. ಸಾಹುಕಾರ ಮೂಗು ಮುಚ್ಚಿಕೊಂಡ, ಸೊನ್ನೆ. ನಾಲ್ಕು: ‘ಮನ್ಯಾಗ ಜಗಳ ಹತ್ತೇತಿ ಇದರ ಸಲುವಾಗಿ’. ಐದು: ‘ಮುಂಜಾನೆ ಏಳಾಕ ಆಗವಲ್ದು’. ಆರು: ‘ಇನ್ನೊಂದು ಬ್ಯಾಡ’. ಅಷ್ಟು ಹೊತ್ತಿಗೆ ಸಾಹುಕಾರ ಊರಿನ ಆಸ್ತಿಯಾಗಿದ್ದ. ಚಹಾದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಏನೇ ಕೊಟ್ಟರೂ ಜನ ಮೂಗಿನಲ್ಲಿ “ಭಾಆಳ ಭಾಆರ” ಅನ್ನುತ್ತಿದ್ದರು. ನಾನು ಅಣಕಿಸಿದ್ದನ್ನು ಊರೇ ಅಣಕಿಸುವುದೆಂದರೆ ಏನು ಕಡಿಮೆ ಸಂಗತಿಯೇ?

ಆರನೆಯ ಸಂಜೆ ಮೇನ್ ರೋಡು ಅಗೆದಿದ್ದರಿಂದ ನಾನು ಫಕೀರವ್ವನ ಓಣಿಯಲ್ಲಿ ಹಾದು ಹೊರಟಿದ್ದೆ. ಹೊತ್ತು ಮುಳುಗಿತ್ತು. ಬಳೆಯ ಸದ್ದು ಕೇಳಿ ತಲೆ ಎತ್ತಿದೆ. ಗೂಟವೇ ಇಲ್ಲದ ಆಕೆಯ ಬಾಗಿಲಿನ ಮುಂದೆ, ಗೂಡು ಮುಚ್ಚಿದ್ದನ್ನು ಕಂಡ ಕೋಳಿಗಳ ಹಾಗೆ, ಒಂದೋ ಎರಡೋ ನಕ್ಷತ್ರ ಅತ್ತಿಂದಿತ್ತ ತೇಲುತ್ತಿದ್ದವು. ಸ್ವಲ್ಪ ಹೊತ್ತು ನಿಂತು, ಯಾರನ್ನೂ ದೂರದೆ ಮೇಲೆ ಹೋದವು.

ಫಕೀರವ್ವ ಹೊಸ್ತಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ನನ್ನ ಕಡೆ ನೋಡದೆ, “ದಿನಾ ಬರತಾವ ತಮ್ಮಾ” ಅಂದಳು. “ಮೊದಲನೇ ದಿನ ಬಾಗಿಲ ತುಂಬ ಬಂದಿದ್ದುವು. ದಿನದಿಂದ ದಿನಕ್ಕ ಸಣ್ಣ ಆಕ್ಕೋಂತ ಬಂತು. ಈಗ ಮೂಲ್ಯಾಗ ಇಷ್ಟ.”

“ಅಕ್ಕಾರ, ಕಚೇರಿಗೆ ಬಂದು ಹೇಳಬಾರದಾಗಿತ್ತೇನ್ರಿ?”

“ನೀವು ಓದಿದವರು. ತಿಳದ ಮಾಡೀರಿ ಅಂತ ಸುಮ್ಮನಾದೆ. ಹೇಳಿದ್ರ ಅದನ್ನೂ ಒಂದು ದನಿ ತಗದು ಓದಿಬಿಟ್ರ ಏನ ಮಾಡ್ಲಿ?”

ನಾನು ಕಾಲ ಬೆರಳಿನಿಂದ ಮಣ್ಣು ಕೆದರಿದೆ. “ಕೌದಿ ಒಯ್ದವರು ಯಾರ್ರಿ?”

“ನಿಮ್ಮ ಬಡಿಗೇರ ಮೌನೇಶ. ಮತ್ಯಾರು? ಹೋದ ವರ್ಷ ಅವನ ಅವ್ವ ತೀರಿದ್ಲಲ್ಲ, ಆಕೀ ಸೀರಿ ಎಲ್ಲಾ ಗಂಟ ಕಟ್ಟಿ ತಂದು ಹಾಕಿದ್ದ.” ದಾರ ಸೂಜಿಗೆ ಹೊಕ್ಕಿತು. ಆಕೆ ಹಲ್ಲಿನಿಂದ ಕಡಿದು ಗಂಟು ಹಾಕಿದಳು. “ನಾಳೆ ಏಳನೇದು. ನೀ ಏನೂ ಮನಸ್ಸಿಗೆ ಹಚ್ಚಿಕೋಬ್ಯಾಡ. ನಾ ಒಳಗ ಕುಂದ್ರತೀನಿ.”

ಆ ಖೋಲಿಗೆ ಇದ್ದದ್ದು ಅದೊಂದೇ ಬಾಗಿಲು. ಕಿಟಕಿಯಿಲ್ಲ. “ಒಳಗ ಯಾಕ್ರಿ? ಹೊರಗ ಬರ್ರಿ. ನಮ್ಮ ಮನಿಗೆ ಬರ್ರಿ!”

“ಏಳು ಮನಿ ಗಂಟು ಒಳಗ ಅದಾವು. ಸತ್ತವರ ಸೀರಿ, ಮದಿವ್ಯಾಗಿ ಹೋದವರ ಲಂಗಾ. ಮಂದಿ ಸಾಮಾನ ಗೋಡಿ ಹಿಂದ ಬಿಟ್ಟು ನಾ ಎಲ್ಲಿ ಬರಲಿ? ಹೋಗು, ಹೊತ್ತಾತು.”

ಮರುದಿನ ಮೂರಕ್ಕೆ ಫಕೀರವ್ವನ ಡಬ್ಬಿ ಖಾಲಿ ಬಂತು. ಚೀಟಿಯಿಲ್ಲದೆ ಗೂಟವಿಲ್ಲ, ಕಾಯಿದೆ. ಉಳಿದ ಚೀಟಿಗಳನ್ನು ಹೇಗೆ ಓದಿದೆನೋ ಗೊತ್ತಿಲ್ಲ. ಕಿಟಕಿಯವರು ಸಾಹುಕಾರನನ್ನು ಕರೆಯುತ್ತಲೇ ಇದ್ದರು. ಓದಿ ಮುಗಿಸಿ ಓಡಿದೆ. ಮೌನೇಶಣ್ಣ ದೊಡ್ಡ ಬ್ಲಾಂಕೆಟ್ ಅಂಗಡಿಯ ಮುಂದೆ ಏಣಿಯ ಮೇಲಿದ್ದ. ಐದನೆಯ ಗೂಟ ಹೊಡೆಯುತ್ತ, ಕೆಳಗೆ ನಿಂತ ಯಾರಿಗೋ ಸಾಗವಾನಿಯ ಮಹಿಮೆ ಹೇಳುತ್ತಿದ್ದ.

“ಮೌನೇಶಣ್ಣ, ಆ ಕೌದಿ ನಿಂದಂತ.”

ಸುತ್ತಿಗೆ ಎತ್ತಿದ್ದು ಎತ್ತಿದಂತೆ ನಿಂತಿತು. “ಯಾರು ಹೇಳಿದ್ರು?”

“ನಾ ಕೇಳಿದೆ, ಅಕ್ಕಾರು ಹೇಳಿದ್ರು.”

“ಕೇಳಾಕ ನಿನಗ ಆರು ದಿನ ಹಿಡೀತು.” ಕೆಳಗಿಳಿದು ಬಂದ. ಸುತ್ತಿಗೆಯ ಹಿಡಿಯನ್ನು ಹೆಬ್ಬೆರಳಿನಿಂದ ತಿಕ್ಕಿದ.

“ಮೊದಲನೇ ದಿನಾನ ಹೇಳಬೇಕಿಲ್ಲೋ, ಇದು ನಂದು ಅಂತ?”

“ಹೆಂಗ ಹೇಳಲಿ? ಕಿಡಕಿ ತುಂಬ ಮಂದಿ. ನೀ ನನ್ನ ಮಾತ ಹಿಡಕೊಂಡು ಮೂಗಿನ್ಯಾಗ ಹಾಡಾಕತ್ತಿದ್ದಿ. ನಗಿ ಬಂತು, ನಕ್ಕಬಿಟ್ಟೆ. ಒಮ್ಮೆ ನಕ್ಕ ಮ್ಯಾಲೆ ಅದು ನಂದು ಅಂತ ಹೆಂಗ ಹೇಳೂದು, ನೀನ ಹೇಳು.” ಮತ್ತೆ ತಿಕ್ಕಿದ. “ಅವತ್ತ ಮನಿಗೆ ಹೋಗಿ ಹೊಚ್ಚಿಕೊಂಡೆ. ನಿನ್ನ ದನಿ ಕೇಳಾಕತ್ತು. ಭಾಆಳ ಭಾಆರ ಅಂತ. ದಿನಾ ಅದ. ಕಡೀಕ ನನಗೂ ಖರೇನ ಭಾರ ಅನಸ್ತು. ವಾಸನಿನೂ ಹಂಗ, ಅವ್ವನ ವಾಸನಿ ಹೋಗಿ ಬರೇ ಹಳೇ ಅರಿವೀ ವಾಸನಿ. ನಿನ್ನೆ ಮಡಚಿ ಟ್ರಂಕಿನ್ಯಾಗ ಇಟ್ಟೆ. ಏನಂತ ಬರೀಲಿ ಚೀಟಿ?”

ಇಷ್ಟು ದಿನ ಜನರ ಮನಸ್ಸನ್ನು ಅಳೆಯುತ್ತಿದ್ದೇನೆ ಅಂದುಕೊಂಡಿದ್ದೆ. ಅಳೆಯುವ ಕೋಲಿನಿಂದಲೇ ಕಲಕುತ್ತಿದ್ದೆ. “ಅಕ್ಕಾರು ಒಳಗ ಕುಂದ್ರತೀನಿ ಅಂತಾರ” ಅಂದೆ.

“ಎಲ್ಲಿ ಒಳಗ?”

“ಖೋಲ್ಯಾಗ. ಗಂಟು ಬಿಟ್ಟು ಬರಾಂಗಿಲ್ಲಂತ.”

“ಹುಚ್ಚಿ ಅದಾಳೇನು! ತಂಗೀ ಮನಿಗೆ ಹೋಗತಾಳ ಅಂತ ತಿಳದಿದ್ದೆ ನಾ. ಆ ಖೋಲಿಗೆ ಕಿಡಕೀನ ಇಲ್ಲೋ ಮಾರಾಯಾ!” ಏಣಿಯನ್ನು ಅಲ್ಲೇ ಬಿಟ್ಟು ನಡೆದ. ನಾನು ಹಿಂದೆ ಓಡಿದೆ.

ಅವನ ಮನೆಯಲ್ಲಿ ಹೆಂಡತಿ ಈರವ್ವ ಟ್ರಂಕಿನ ಮೇಲೆ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದಳು. “ಏಳು, ಕೌದಿ ತಗೀಬೇಕು” ಅಂದ. “ತಗೀ, ಆದ್ರ ಇವತ್ತ ಸೆರಗಿನ ಬಾಜು ನನ್ನ ಕಡೆ. ದಿನಾ ನೀನ ಎಳಕೊಂಡ್ರ ನಡಿಯಂಗಿಲ್ಲ” ಅಂದಳು ಆಕೆ. ಮನೆಯ ಜಗಳ ಯಾವುದೆಂದು ಆಗ ಗೊತ್ತಾಯಿತು. ಮೌನೇಶಣ್ಣ ಕೌದಿಯನ್ನು ನೆಲದ ಮೇಲೆ ಬಿಚ್ಚಿ ಹಾಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಒಂದು ಹಸಿರು ಚೂರಿನ ಮೇಲೆ ಬೆರಳಿಟ್ಟ. “ಇದು ಉಟ್ಟು ನನ್ನ ಸಾಲಿಗೆ ಬಿಡಾಕ ಬಂದಿದ್ದಳು. ಇದು ಅಪ್ಪ ತಂದದ್ದು, ಬಣ್ಣ ಸೇರಲಿಲ್ಲ ಅಂತ ಎರಡ ದಿನ ಮಾತಾಡಲಿಲ್ಲ. ಇದು ಯಾವುದು... ಈರೀ, ಇದು ಯಾವುದ?” “ಜ್ವರ ಬಂದಾಗ ಉಟ್ಟಿದ್ದರಲ್ಲ, ಅದು” ಅಂದಳು ಈರವ್ವ, ಸೊಪ್ಪಿನಿಂದ ತಲೆ ಎತ್ತದೆ. “ಹೊಚ್ಚಿಕೊಂಡು ಒಂದೊಂದ ಗುರ್ತ ಹಿಡಿಯೂದ್ರಾಗ ನಿದ್ದೀನ ಬರೂದಿಲ್ಲೋ ಅಡಿವೆಪ್ಪಾ. ಹತ್ತಿದ್ರ ಮುಂಜಾನೆ ಏಳಾಕ ಮನಸ ಬರೂದಿಲ್ಲ. ಸಣ್ಣವ ಇದ್ದಾಗ ಎದಿ ಮ್ಯಾಲೆ ಕೈ ಇಟ್ಟು ಮಲಗಸ್ತಿದ್ಲು. ನನ್ನ ಕೈಗೆ ತೂಕ ಗೊತ್ತಾಗತೈತಿ, ಬಡಿಗ ನಾ. ಅಷ್ಟ ತೂಕ ಇದು. ಒಂದು ತೊಲೀನೂ ಹೆಚ್ಚಿಲ್ಲ.”

ಅವನು ಹೇಳುತ್ತಿದ್ದಂತೆ ನನ್ನ ತುಟಿ ತಾನಾಗಿ ಅಲುಗತೊಡಗಿತು. ಮಾತಿನ ಏರಿಳಿತ ಹಿಡಿಯುವ ಹಾಳು ಅಭ್ಯಾಸ. ಕೆಳದುಟಿ ಕಚ್ಚಿಕೊಂಡು ಕೂತೆ. ಅವನು ಕಿವಿಯ ಮೇಲಿನ ಚಪ್ಪಟೆ ಪೆನ್ಸಿಲ್ ತೆಗೆದು, ಚೀಟಿ ಬರೆದು, ಮಡಚಿದ. ಬಾಗಿಲಾಚೆ ಬೆಳಕು ಹಳದಿಯಾಗಿತ್ತು.

ಫಕೀರವ್ವ ಖೋಲಿಯೊಳಗೆ ಗಂಟುಗಳ ನಡುವೆ ಕೂತು ಹೊಲಿಯುತ್ತಿದ್ದಳು. ಮೌನೇಶಣ್ಣ ಚೀಟಿಯನ್ನು ಡಬ್ಬಿಗೆ ಹಾಕಿದ; ನಾನು ಡಬ್ಬಿಯಿಂದ ತೆಗೆದೆ. ಕಾಯಿದೆಯಂತೆ ಗಟ್ಟಿಯಾಗಿ ಓದಬೇಕು. ‘ಮಡಚಿ ಇಟ್ಟಿದ್ದೆ. ತಪ್ಪಾತು.’ ಅಷ್ಟೇ ಇತ್ತು. ಯಾರ ದನಿಯನ್ನೂ ತೆಗೆಯದೆ ಓದಿದೆ. ಒಡೆದ ಕೊಳಲಿನ ಹಾಗೆ ಬಂತು.

“ಇದ್ಯಾರ ದನಿಯೋ?” ಅಂದ ಮೌನೇಶಣ್ಣ.

“ಗೊತ್ತಿಲ್ಲಣ್ಣ.”

“ಎಷ್ಟು ಹೊಡೀಲಿ?”

ಐದು ಅನ್ನಬೇಕೆನ್ನಿಸಿತು. ಆದರೆ ಐದು ನನ್ನ ಆಸೆ, ಅವನ ಮನಸ್ಸಲ್ಲ. ಪಶ್ಚಾತ್ತಾಪಕ್ಕೆ ನಕ್ಷತ್ರ ಬರುವುದಿಲ್ಲ, ಹಿಡಿಸಿದ್ದಕ್ಕೆ ಬರುತ್ತವೆ. ನಿನ್ನೆ ಒಂದೋ ಎರಡೋ ಉಳಿದಿದ್ದವು. ಇವತ್ತು ಕೌದಿಯ ಮುಂದೆ ಕೂತಾಗ ಅವನ ಬೆರಳು ಚೂರಿನಿಂದ ಚೂರಿಗೆ ಹೋದ ರೀತಿ ನೋಡಿದ್ದೆ. ಆದರೂ ನಾನು ಆರು ದಿನ ಎಬ್ಬಿಸಿದ ನಗೆ ಒಂದು ಮಧ್ಯಾಹ್ನಕ್ಕೆ ಇಳಿದುಹೋದೀತೇ? “ಮೂರು” ಅಂದೆ.

ಬಾಗಿಲು ಗಿಡ್ಡ, ಏಣಿ ಬೇಕಾಗಲಿಲ್ಲ; ಅವನು ಮೂರು ಎಣಿಸಿಕೊಂಡು ಹೊಡೆದ. ಚೀಲದಲ್ಲಿ ಬೇರೆ ಗೂಟವಿರಲಿಲ್ಲ. ಬೇವಿನ ಗಿಡ ಕಪ್ಪಾಯಿತು. ಓಣಿಯ ಉಳಿದ ಬಾಗಿಲುಗಳ ಮೇಲೆ ಒಂದೊಂದಾಗಿ ಬೆಳಕು ಕೂತಿತು. ಆಮೇಲೆ ನಮ್ಮ ತಲೆಯ ಮೇಲೆ ಬಳೆಯ ಸದ್ದು. ಬಂದವು. ಗೂಟಗಳ ಹತ್ತಿರ ಹೋದವು, ಹಿಂದೆ ಸರಿದವು, ಸುತ್ತಿದವು, ಮತ್ತೆ ಹತ್ತಿರ ಹೋದವು. ನಾನು ಎಣಿಸಲಿಲ್ಲ, ಎಣಿಸುವ ಅಗತ್ಯವಿರಲಿಲ್ಲ. ಒಂದಕ್ಕೆ ಜಾಗ ಸಾಲದಾಗಿತ್ತು.

“ಕಡಿಮಿ ಹೇಳಿದ್ಯೋ!” ಮೌನೇಶಣ್ಣ ಪಿಸುಗುಟ್ಟಿದ. “ನನ್ನ ಮ್ಯಾಲೆ ಅಷ್ಟೂ ನಂಬಿಗಿ ಇಲ್ಲೇನ ನಿನಗ?”

ಚೌಕಟ್ಟಿನ ಅಂಚಿನಲ್ಲಿ ಸುಣ್ಣದ ಬಿಳಿ ಗೆರೆ ಮೂಡಿತು. ಹಾಲು ಉಕ್ಕುವ ಹಾಗೆ ಒಳಮುಖವಾಗಿ ಹರಿಯತೊಡಗಿತು. “ಅಕ್ಕಾ, ಹೊರಗ ಬಾ!” ಎಂದು ಕೂಗಿದೆ. ಆಕೆ ಎದ್ದಳು, ಆದರೆ ಹೊರಗೆ ಬರಲಿಲ್ಲ. ಹೊಸ್ತಿಲಿಗೆ ಬಂದು ನಿಂತು, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಬಲಗೈಯನ್ನು ಬಾಗಿಲಿನಿಂದ ಆಚೆ ಚಾಚಿ, ಗೂಟಗಳ ಸಾಲಿಗೆ ಸರಿಯಾಗಿ ಮೇಲೆತ್ತಿ ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿದಳು. ಸೂಜಿ ಚುಚ್ಚಿ ಚುಚ್ಚಿ ಮರದಂತಾದ ಬೆರಳು. ಒಂದು ನಕ್ಷತ್ರ ಅದರ ಸುತ್ತ ಬಂತು, ಮೂಸಿದಂತೆ ಮಾಡಿತು, ಕೂತಿತು. ಅದು ಕೂತದ್ದೇ ಉಳಿದವೂ ಪಟಪಟನೆ ಗೂಟಗಳ ಮೇಲೆ ಕೂತವು. ಸುಣ್ಣದ ಗೆರೆ ಬಂದ ದಾರಿಯಲ್ಲೇ ಹಿಂದೆ ಸರಿದು, ಕಟ್ಟಿಗೆಯ ಬಣ್ಣ ಮತ್ತೆ ಕಂಡಿತು.

ಮೌನೇಶಣ್ಣ ನೆಲದ ಮೇಲೆ ಕೂತುಬಿಟ್ಟ. ಅವನಿಗೆ ನಗುವೋ ಅಳುವೋ ನನಗೆ ಹೇಳಲಾಗಲಿಲ್ಲ. ಈ ಸಲ ಊಹಿಸಲೂ ಹೋಗಲಿಲ್ಲ.

ಫಕೀರವ್ವ ತುಸು ಹೊತ್ತು ಬೆರಳ ತುದಿಯ ಬೆಳಕನ್ನೇ ನೋಡಿದಳು. ಆಮೇಲೆ, “ಬಾ ಇಲ್ಲೆ, ಅಂದಾಜಿನ ಮನಶಾ” ಅಂದಳು. “ಒಂದು ಕಡಿಮಿ ಕೂಗಿದವ ನೀನು. ಹಿಡಿ. ನನಗ ಹೊಲಿಯೂದು ಐತಿ.”

ನಾನು ಬೆರಳು ತಾಗಿಸಿದೆ. ನಕ್ಷತ್ರ ಆಕೆಯ ಬೆರಳಿನಿಂದ ನನ್ನ ಬೆರಳಿಗೆ ಕಾಲು ಬದಲಿಸಿತು. ಕೋಳಿಮರಿಯ ಪಾದದಷ್ಟು ಬೆಚ್ಚಗೆ.

“ಎಷ್ಟೊತ್ತರೀ ಅಕ್ಕಾರ?”

“ಅವು ಹೋಗೂತನಕ. ತೋಳ ನೋವಾದ್ರ ಮೌನೇಶ ಅದಾನ. ಕೈ ಇಳಿಸಿದ್ರ ನೋಡು ಮತ್ತ!” ಒಳಗೆ ಹೋಗಿ ಗಂಟು ಬಿಚ್ಚಿ, ಆ ಬೆಳಕಿನಲ್ಲೇ ಸೂಜಿ ಎತ್ತಿಕೊಂಡಳು.

ಸಂಜೆಯ ವಾಕಿಂಗಿಗೆ ಹೊರಟ ವೆಂಕೋಬರಾಯರು ಓಣಿಯ ತಿರುವಿನಲ್ಲಿ ಬಂದವರು ನನ್ನನ್ನು ನೋಡಿ ನಿಂತರು. ಒಂದು ಕೈ ನೆಟ್ಟಗೆ ಮೇಲೆತ್ತಿ ಬಾಗಿಲ ಪಕ್ಕ ಒರಗಿದ್ದ ನನ್ನನ್ನು ಕನ್ನಡಕದ ಮೇಲಿಂದ ನೋಡಿದರು.

“ಏನಪಾ ಅಡಿವೆಪ್ಪಾ, ಕೈ ಎತ್ತೀಯಲ್ಲ! ಉತ್ತರ ಗೊತ್ತದ ಏನು?”

“ಇಲ್ರಿ ಸರ್” ಅಂದೆ. ಕೈ ಇಳಿಸಲಿಲ್ಲ.